ಐದನೇ ಕ್ಲಾಸಿಗೇ ಊರು ಬಿಡಿಸಬೇಕಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಗಂಗಾವತಿ. ಇಲ್ಲೇ ಹುಟ್ಟಿ ಬೆಳೆದ ಮಗಳು ಈಗ ಐದನೇ ಕ್ಲಾಸು. ಬರೋ ವರ್ಷ ಬೆಂಗಳೂರಿನ ಹಾಸ್ಟೆಲ್ ಶಾಲೆಗೆ ಹಾಕಬೇಕು ಅಂತ ನಮ್ಮನೆಯವರು ಹಠ ಹಿಡಿದಿದ್ದಾರೆ. ‘ಇಲ್ಲೇನಿದೆ, ಬಿಸಿಲು, ರೈಸ್ ಮಿಲ್ಲು ಬಿಟ್ಟು’ ಅಂತಾರೆ. ನನಗೆ ಮನಸ್ಸಿಲ್ಲ, ಆದರೆ ಎದುರು ಮಾತಾಡೋಕೆ ಮಾತು ಸಿಗುತ್ತಿಲ್ಲ. ಹೊರಗೆ ಓದಿದರೆ, ಓದು, ನೌಕರಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರೋ 371(ಜೆ) ಮೀಸಲಾತಿ ಕೈತಪ್ಪುತ್ತಾ ಅನ್ನೋ ಭಯವೂ ಇದೆ.
ಒಬ್ಬ ತಾಯಿ, ಗಂಗಾವತಿ

ಉತ್ತರ: ಕಳಿಸಬೇಡಿ. ಹತ್ತನೇ ಕ್ಲಾಸು ಮುಗಿಯೋವರೆಗಾದರೂ ಮಗಳು ನಿಮ್ಮ ಜೊತೆ ಇರಲಿ.

‘ಇಲ್ಲೇನಿದೆ’ ಅನ್ನೋ ಮಾತನ್ನ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ದಿನಾ ಕೇಳುತ್ತೇವೆ. ಪ್ರತಿ ಸಲ ನನಗೆ ನೋವಾಗುತ್ತೆ, ಯಾಕಂದ್ರೆ ಅದನ್ನ ಮಕ್ಕಳ ಎದುರಿಗೇ ಹೇಳುತ್ತೇವೆ, ಅವರೂ ಅದನ್ನೇ ನಂಬಿ ದೊಡ್ಡವರಾಗುತ್ತಾರೆ. ಏನಿದೆ ಅಂತ ಹೇಳ್ತೀನಿ, ಯಜಮಾನರಿಗೂ ಓದಿಸಿ. ನಿಮ್ಮ ಮಗಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ. ಬಜಾರಿಗೆ ಹೋದರೆ ಉರ್ದು ಕಿವಿಗೆ ಬೀಳುತ್ತೆ. ಕಾಲುವೆ ದಂಡೆಯ ಕ್ಯಾಂಪಿನಿಂದ, ಅಂದ್ರೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರಿನಿಂದ, ಬರೋ ಗೆಳತಿಯ ಮನೆಯಲ್ಲಿ ತೆಲುಗು. ಹತ್ತು ಹನ್ನೊಂದು ವರ್ಷಕ್ಕೆ ಮೂರು ಭಾಷೆ ಸುಮ್ನೆ ಬಂದುಬಿಡುತ್ತೆ, ಅದಕ್ಕೆ ಯಾವ ಶಾಲೆಯೂ ಫೀಸು ತಗೊಂಡಿರೋದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇದು ಕೊಚ್ಚಿಕೊಂಡು ಹೋಯ್ತಲ್ಲ, ಆ ದಿನಗಳನ್ನ ನೆನಪು ಮಾಡಿಕೊಳ್ಳಿ. ಚಹಾ ಅಂಗಡಿ, ಗೊಬ್ಬರದ ಅಂಗಡಿ, ಬಸ್ ಸ್ಟ್ಯಾಂಡು, ಎಲ್ಲಾ ಕಡೆ ಅದೇ ಮಾತು. ನೀರು ಹೋದರೆ ಎರಡನೇ ಬೆಳೆ ಇಲ್ಲ, ಭತ್ತ ಬರದಿದ್ದರೆ ಮಿಲ್ಲು ಓಡೋದಿಲ್ಲ, ಮಿಲ್ಲು ಓಡದಿದ್ದರೆ ಹಮಾಲರಿಗೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತೆ. ಊರು ಹೇಗೆ ನಡೆಯುತ್ತೆ ಅಂತ ಮಕ್ಕಳು ದೊಡ್ಡವರ ಮಾತು ಕೇಳಿಸಿಕೊಂಡೇ ತಿಳಿದುಕೊಂಡರು. ಸಮಾಜಶಾಸ್ತ್ರದ ಇಂಥ ಪಾಠ ಪುಸ್ತಕದಲ್ಲಿ ಸಿಗೋದು ಕಷ್ಟ.

ಸುಗ್ಗಿ ಹೊತ್ತಿಗೆ ರಸ್ತೆ ಬದಿಯಲ್ಲಿ ಭತ್ತ ಒಣಗಿಸುತ್ತಾರಲ್ಲ, ಅಲ್ಲಿ ಮಕ್ಕಳನ್ನ ನೋಡಿ. ಬರಿಗಾಲಲ್ಲಿ, ಪಾದ ಎತ್ತದೆ, ಭತ್ತದೊಳಗೆ ಸಾಲು ಎಳೀತಾ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಕೆಳಗಿನ ಹಸಿ ಕಾಳು ಮೇಲೆ ಬರಬೇಕು, ಅದಕ್ಕೆ. ಮೊದಲು ಅದು ಆಟ, ಆಮೇಲೆ ಕಾಲೆಲ್ಲಾ ನವೆ. ರಾತ್ರಿ ಅವ್ವ ಕೊಬ್ಬರಿ ಎಣ್ಣೆ ಹಚ್ಚಬೇಕು. ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದರೆ ಈ ಮಕ್ಕಳಿಗೆ ಬೈಯೋದೇ ಬೇಡ, ಕಾಲಿಗೇ ಗೊತ್ತಿರುತ್ತೆ.

ಹಾಗಂತ ಊರಿನ ಕೊರತೆ ಮುಚ್ಚಿಡೋದಿಲ್ಲ. ಗಣಿತ, ಇಂಗ್ಲಿಷಿಗೆ ಒಳ್ಳೆ ಮೇಷ್ಟ್ರು ಎಲ್ಲಾ ಶಾಲೆಯಲ್ಲಿ ಸಿಗೋದಿಲ್ಲ. ಹಾಸ್ಟೆಲಿಗೆ ಕಟ್ಟೋ ದುಡ್ಡಿನಲ್ಲಿ ಒಂದು ಪಾಲು ಖರ್ಚು ಮಾಡಿದರೂ ಸಾಕು, ಒಳ್ಳೆ ಟ್ಯೂಷನ್, ಒಂದು ಕಪಾಟು ಪುಸ್ತಕ ಆಗುತ್ತೆ. ಮತ್ತೆ ಕಾಲುವೆ. ಪ್ರತಿ ಬೇಸಿಗೆ ಕಾಲುವೆಗೆ ಈಜೋಕೆ ಹೋದ ಮಕ್ಕಳ ಸುದ್ದಿ ಓದಿ ಹೊಟ್ಟೆ ಉರಿಯುತ್ತೆ. ಕಾಲುವೆ ದಂಡೆ ಜಾರುತ್ತೆ, ಸೆಳೆತ ಜಾಸ್ತಿ, ಹಿಡಿಯೋಕೆ ಏನೂ ಸಿಗೋದಿಲ್ಲ. ನಿಂತ ನೀರಲ್ಲಿ, ಗೊತ್ತಿರೋ ದೊಡ್ಡವರ ಕೈಯಲ್ಲಿ ಮಗಳಿಗೆ ಈಜು ಕಲಿಸಿ. ಹುಡುಗಿ ಅಂತ ಬಿಡಬೇಡಿ.

ಹಾಸ್ಟೆಲೇ ಆಗಬೇಕು ಅಂತ ಅವರು ಪಟ್ಟು ಹಿಡಿದರೆ ಕೇಂದ್ರ ಸರ್ಕಾರದ ನವೋದಯ ವಸತಿ ಶಾಲೆಯ ಪರೀಕ್ಷೆ ಬರೆಸಿ. ನಮ್ಮ ಜಿಲ್ಲೆಯದು ಕುಕನೂರಿನಲ್ಲೇ ಇದೆ, ಆರನೇ ಕ್ಲಾಸಿಗೇ ಸೇರಿಸಿಕೊಳ್ಳುತ್ತಾರೆ. ಕನಿಷ್ಠ ಶೇಕಡಾ 75ರಷ್ಟು ಸೀಟು ಹಳ್ಳಿ ಮಕ್ಕಳಿಗೆ, ಹಾಗಾಗಿ ಪಟ್ಟಣದವರಿಗೆ ಪೈಪೋಟಿ ಜಾಸ್ತಿ. ಸಿಕ್ಕರೆ ಬೆಳಿಗ್ಗೆ ಹೋಗಿ ಮಗಳನ್ನ ನೋಡಿ ಸಂಜೆ ಮನೆಗೆ ಬರಬಹುದು.

371(ಜೆ) ಬಗ್ಗೆ ಭಯ ಬೇಡ. ಮಗಳು ಹುಟ್ಟಿದ್ದೇ ಇಲ್ಲಿ. ಹೊರಗೆ ಓದಿದಳು ಅನ್ನೋ ಒಂದೇ ಕಾರಣಕ್ಕೆ ಅದು ಹೋಗೋದಿಲ್ಲ. ಜನನ ಪ್ರಮಾಣಪತ್ರ ಜೋಪಾನ ಮಾಡಿ, ಅರ್ಹತಾ ಪ್ರಮಾಣಪತ್ರಕ್ಕೆ ಈಗಲೇ ಅರ್ಜಿ ಹಾಕಿ.

ಪ್ರಶ್ನೆ: ಪಿಯುಸಿ ಎರಡನೇ ವರ್ಷ ಓದುತ್ತಿದ್ದೇನೆ. ಊರಲ್ಲಿ ಎಲ್ಲರಿಗೂ ನಾನು ಯಾರ ಮಗಳು ಅಂತ ಗೊತ್ತು. ಗೆಳತಿಯರ ಜೊತೆ ಮಿರ್ಚಿ ಮಂಡಾಳ ತಿನ್ನೋಕೆ ನಿಂತರೂ ನಾನು ಮನೆ ಮುಟ್ಟೋದರೊಳಗೆ ಸುದ್ದಿ ಮುಟ್ಟಿರುತ್ತೆ. ಉಸಿರು ಕಟ್ಟುತ್ತೆ.
ಮಾನ್ವಿಯ ಹುಡುಗಿ

ಉತ್ತರ: ನಿಮ್ಮ ಸಿಟ್ಟು ಸರಿಯಾಗಿದೆ. ಮೇಲಿನ ಉತ್ತರದಲ್ಲಿ ಊರನ್ನ ಇಷ್ಟು ಹೊಗಳಿದವಳೇ ನಾನು, ಆದರೆ ಹತ್ತು ವರ್ಷದ ಮಗುವನ್ನ ಕಾಯೋ ಕಣ್ಣುಗಳು ಹದಿನೇಳಕ್ಕೆ ಕಾವಲು ಆಗುತ್ತವೆ. ಅದೂ ಹುಡುಗಿಯರಿಗೆ ಮಾತ್ರ. ನಿಮ್ಮ ತಮ್ಮ ರಾತ್ರಿ ಹತ್ತಕ್ಕೆ ಮನೆಗೆ ಬಂದರೆ ಯಾರೂ ಫೋನ್ ಮಾಡೋದಿಲ್ಲ, ಅಲ್ವಾ? ‘ಯಾರ ಮಗಳು’ ಅಂತ ಕೇಳೋರು ಎಷ್ಟೋ ಸಲ ಜಾತಿಯನ್ನೂ ಕೇಳುತ್ತಿರುತ್ತಾರೆ. ಅದನ್ನ ಸಹಿಸಿಕೊಳ್ಳಿ ಅಂತ ನಾನು ಹೇಳೋದಿಲ್ಲ.

ಸದ್ಯಕ್ಕೆ ಒಂದು ದಾರಿ: ಬೇರೆಯವರು ಹೇಳೋ ಮೊದಲು ನೀವೇ ಹೇಳಿ. ‘ಅವ್ವಾ, ಇವತ್ತು ಕಾಲೇಜ್ ಬಿಟ್ಟ ಮೇಲೆ ಮಿರ್ಚಿ ತಿಂದು ಬರ್ತೀನಿ’ ಅಂತ. ಅವ್ವನಿಗೆ ಮೊದಲೇ ಗೊತ್ತಿದ್ದ ಸುದ್ದಿಗೆ ಬೆಲೆ ಇರೋದಿಲ್ಲ, ಹೇಳೋಕೆ ಬಂದವರು ಸಪ್ಪೆ ಮುಖ ಮಾಡಿಕೊಂಡು ಹೋಗುತ್ತಾರೆ. ಡಿಗ್ರಿಗೆ ಹೊರಗೆ ಹೋಗೋ ಆಸೆ ಇದ್ದರೆ ಹೋಗಿ. ನಾನು ನಿಮ್ಮ ಪರ.

ಪ್ರಶ್ನೆ: ಹೈದರಾಬಾದಿನಲ್ಲಿ ಕೆಲಸ, ಸ್ವಂತ ಊರು ಸಿಂಧನೂರು. ಎಂಟು ವರ್ಷದ ಮಗನನ್ನ ಜನವರಿಯಲ್ಲಿ ಕರೆದುಕೊಂಡು ಬರುತ್ತಿದ್ದೇನೆ. ನಾನು ಬೆಳೆದ ಸೀಮೆಯಲ್ಲಿ ಅವನಿಗೆ ಏನು ತೋರಿಸಲಿ?

ಉತ್ತರ: ಮೊದಲು ನಿಮ್ಮ ಓಣಿ, ನಿಮ್ಮ ಶಾಲೆ. ಆಮೇಲೆ ಮಸ್ಕಿ, ಹತ್ತಿರದಲ್ಲೇ ಇದೆ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಅನ್ನೋ ಹೆಸರೇ ಇದೆ. ಪಠ್ಯಪುಸ್ತಕದ ರಾಜನ ಹೆಸರು ನಮ್ಮ ಬಂಡೆ ಮೇಲೆ ಇದೆ ಅಂದ್ರೆ ಹುಡುಗನ ಕಣ್ಣು ಅರಳುತ್ತೆ. ಕಿನ್ನಾಳಕ್ಕೆ ಹೋದರೆ ಹಗುರ ಮರದ ಗೊಂಬೆ ಮಾಡೋ ಚಿತ್ರಗಾರರ ಮನೆಗಳಿವೆ, ಒಂದು ಗೊಂಬೆಯನ್ನ ಅವನ ಕೈಯಿಂದಲೇ ಆರಿಸಿ ಕೊಡಿಸಿ, ಚೌಕಾಸಿ ಮಾಡಬೇಡಿ.

ದಿನ ಹೊಂದಿದರೆ ಕೊಪ್ಪಳದ ಗವಿಮಠದ ಜಾತ್ರೆ ತಪ್ಪಿಸಬೇಡಿ. ಸುತ್ತಲ ಹಳ್ಳಿಯ ಅವ್ವಂದಿರು ಬಡಿದ ಜೋಳದ ರೊಟ್ಟಿ ಟ್ರ್ಯಾಕ್ಟರಿನಲ್ಲಿ ದಾಸೋಹಕ್ಕೆ ಬರೋದನ್ನ ಅವನು ನೋಡಲಿ, ಪಂಕ್ತಿಯಲ್ಲಿ ಕೂತು ಉಣ್ಣಲಿ. ತೇರಿನ ದಿನ ಜನ ವಿಪರೀತ, ಸಣ್ಣ ಹುಡುಗನಿಗೆ ಕಷ್ಟ. ಮರುದಿನ ಬೆಳಿಗ್ಗೆ ಹೋಗಿ, ಅವನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ.