ಒಂದೇ ಮುದ್ರೆ ಒತ್ತಿದರೆ ವೋಟು ಕೆಡುತ್ತದಾ?

ಪ್ರಶ್ನೆ: ಮದುವೆಯಾಗಿ ಗಂಡನ ಊರಿಗೆ ಬಂದು ಮೂರು ವರ್ಷವಾಯಿತು. ವೋಟರ್ ಲಿಸ್ಟಿನಲ್ಲಿ ನನ್ನ ಹೆಸರು ಇನ್ನೂ ತವರಿನಲ್ಲೇ ಇದೆ. ಇಲ್ಲಿನ ಗ್ರಾಮ ಪಂಚಾಯ್ತಿಗೆ ವೋಟು ಹಾಕಲು ಏನು ಮಾಡಬೇಕು? ಇನ್ನೊಂದು ವಿಷಯ. ನಮ್ಮತ್ತೆಗೆ ಓದು ಬರೋದಿಲ್ಲ. ಕಳೆದ ಸಲ ವಾರ್ಡಿನಲ್ಲಿ ಮೂರು ಸ್ಥಾನ ಇದ್ದವು, ಇವರು ಒಂದೇ ಮುದ್ರೆ ಒತ್ತಿ ಬಂದಿದ್ದರು. 'ನಿನ್ನ ವೋಟು ಕುಲಗೆಟ್ಟಿತು' ಅಂತ ಅಕ್ಕಪಕ್ಕದವರು ಹೇಳಿದ್ದನ್ನು ನೆನೆದು ಈಗಲೂ ಬೇಜಾರು ಮಾಡಿಕೊಳ್ಳುತ್ತಾರೆ. ಅದು ನಿಜವಾ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಅತ್ತೆಯವರಿಗೆ ಹೇಳಿಬಿಡಿ: ಒಂದೇ ಮುದ್ರೆ ಒತ್ತಿದ್ದಕ್ಕೆ ವೋಟು ಕೆಡೋದಿಲ್ಲ. ಅವರು ಒತ್ತಿದ ಅಭ್ಯರ್ಥಿಗೆ ಆ ಮತ ಸಿಗುತ್ತದೆ. ಉಳಿದ ಎರಡನ್ನು ಅವರು ಬಳಸಲಿಲ್ಲ, ಅಷ್ಟೇ.

ಈ ಗೊಂದಲ ತುಂಬಾ ಜನರಿಗಿದೆ. ಎಂಎಲ್ಎ ಚುನಾವಣೆಯಲ್ಲಿ ಒಬ್ಬರಿಗೆ ಒಂದೇ ವೋಟು. ಪಂಚಾಯ್ತಿಯಲ್ಲಿ ಹಾಗಲ್ಲ. ವಾರ್ಡಿನಲ್ಲಿ ಎಷ್ಟು ಸ್ಥಾನವೋ ಅಷ್ಟು ವೋಟು. ಮೂರು ಸ್ಥಾನವಿದ್ದರೆ ಮೂವರು ಬೇರೆ ಬೇರೆ ಅಭ್ಯರ್ಥಿಗಳಿಗೆ ಒಂದೊಂದು. ಕಡಿಮೆ ಹಾಕಿದರೆ ತೊಂದರೆಯಿಲ್ಲ. ನಾಲ್ಕು ಜನರಿಗೆ ಒತ್ತಿದಿರೋ, ಇಡೀ ಮತಪತ್ರವೇ ತಿರಸ್ಕಾರವಾಗುತ್ತದೆ. ಮಹಿಳಾ ಮೀಸಲು ಸ್ಥಾನಕ್ಕೆ ಗಂಡಸರು ವೋಟು ಹಾಕಬಾರದು ಅನ್ನೋದೂ ತಪ್ಪು. ಮೀಸಲಾತಿ ಇರೋದು ನಿಲ್ಲುವವರಿಗೆ, ವೋಟು ಹಾಕುವವರಿಗಲ್ಲ.

2020ರ ಡಿಸೆಂಬರ್ ಚುನಾವಣೆಯಲ್ಲಿ ಬೀದರ್ ಜಿಲ್ಲೆ ಬಿಟ್ಟರೆ ಎಲ್ಲ ಕಡೆ ಮತಪತ್ರವೇ ಇತ್ತು. ಅದನ್ನು ಮಡಚುವುದಕ್ಕೂ ಒಂದು ಕ್ರಮವಿದೆ. ಮೊದಲು ಉದ್ದಕ್ಕೆ ಮಡಚಿ, ಆಮೇಲೆ ಅಡ್ಡಕ್ಕೆ. ಉದ್ದಕ್ಕೆ ಮಡಚಿದರೆ ಹಸಿ ಶಾಯಿ ಅಂಟಿದರೂ ಅದೇ ಅಭ್ಯರ್ಥಿಯ ಸಾಲಿನಲ್ಲೇ ಅಂಟುತ್ತದೆ. ಮೊದಲೇ ಅಡ್ಡಕ್ಕೆ ಮಡಚಿದರೆ ಮೇಲಿನವರ ಗುರುತು ಕೆಳಗಿನವರ ಮೇಲೆ ಬೀಳಬಹುದು. ಎಣಿಸುವಾಗ ಜಗಳ ಶುರುವಾಗೋದೇ ಅಲ್ಲಿ. ಅತ್ತೆಯವರ ಕೈಗೆ ಹಳೇ ಪೇಪರ್ ಕೊಟ್ಟು ಮನೆಯಲ್ಲೇ ಎರಡು ಸಲ ಮಡಚಿಸಿ ನೋಡಿ. ಮತಗಟ್ಟೆಯಲ್ಲಿ ಕೊಡುವ ಮುದ್ರೆಯನ್ನೇ ಒತ್ತಬೇಕು, ಪೆನ್ನಿನ ಗುರುತು ಬೇಡ. ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಮತಪತ್ರದ ಮೇಲೆ ಹಾಕಲೇಬಾರದು. ಇಂಥವರ ವೋಟು ಅಂತ ಗೊತ್ತಾದರೆ ಅದು ತಿರಸ್ಕಾರವಾಗುತ್ತದೆ.

ಕಮಲ, ಕೈ, ತೆನೆ ಹೊತ್ತ ಮಹಿಳೆ ಯಾವುದೂ ಮತಪತ್ರದಲ್ಲಿ ಇರೋದಿಲ್ಲ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಅಭ್ಯರ್ಥಿಗಳಿಗೆ ಬೇರೆ ಚಿಹ್ನೆ ಕೊಡುತ್ತಾರೆ. ಓದು ಬರದವರು ತಮಗೆ ಬೇಕಾದ ಮೂರೂ ಚಿಹ್ನೆಗಳನ್ನು ಮೊದಲೇ ನೆನಪಿಟ್ಟುಕೊಳ್ಳಬೇಕು.

ಇನ್ನು ನಿಮ್ಮ ಹೆಸರಿನ ವಿಷಯ. ಪಂಚಾಯ್ತಿ ಪಟ್ಟಿ ತಯಾರಾಗೋದು ವಿಧಾನಸಭೆಯ ಮತದಾರರ ಪಟ್ಟಿಯಿಂದಲೇ. ವಿಳಾಸ ಬದಲಾವಣೆಗೆ ನಮೂನೆ 8 ತುಂಬಿ ಗಂಡನ ಊರಿನ ಬಿಎಲ್‌ಒಗೆ (ಮತಗಟ್ಟೆ ಮಟ್ಟದ ಅಧಿಕಾರಿ) ಕೊಡಿ. ಆನ್‌ಲೈನಿನಲ್ಲೂ ಸಲ್ಲಿಸಬಹುದು. ಹೊಸಬರಂತೆ ನಮೂನೆ 6 ಹಾಕಿದರೆ ಎರಡು ಕಡೆ ಹೆಸರು ಉಳಿಯುವ ಅಪಾಯವಿದೆ, ಅದು ಕಾನೂನಿಗೆ ವಿರುದ್ಧ. ಚುನಾವಣೆ ಘೋಷಣೆಯಾಗಲಿ ಅಂತ ಕಾಯಬೇಡಿ, ಈ ವಾರವೇ ಕೊಡಿ. ಕಾರ್ಡು ಕೈಯಲ್ಲಿದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು.

ಪ್ರಶ್ನೆ: ನಮ್ಮೂರಲ್ಲಿ ಸದಸ್ಯ ಸ್ಥಾನವನ್ನು ಹರಾಜು ಹಾಕಿ, ದುಡ್ಡನ್ನು ದೇವಸ್ಥಾನಕ್ಕೆ ಕೊಡುವ ಮಾತು ನಡೆದಿದೆ. ಊರಿನ ಒಳ್ಳೇದಕ್ಕೇ ಅಲ್ವಾ ಅಂತಾರೆ. ಸರಿಯಾ?
— ಓದುಗರೊಬ್ಬರು, ಕಲಬುರಗಿ ಜಿಲ್ಲೆ

ಉತ್ತರ: ಸರಿಯಲ್ಲ. ಹರಾಜು ಅಂದರೆ ದುಡ್ಡು ಕೊಟ್ಟವರೊಬ್ಬರೇ ನಿಲ್ಲೋದು, ಉಳಿದವರು ಹಿಂದೆ ಸರಿಯೋದು. ಚುನಾವಣೆಗೆ ನಿಲ್ಲದಿರಲು ಅಥವಾ ನಾಮಪತ್ರ ವಾಪಸ್ ಪಡೆಯಲು ದುಡ್ಡು ಕೊಡೋದೂ ತೆಗೆದುಕೊಳ್ಳೋದೂ ಲಂಚವೇ. ಒಂದು ವರ್ಷದವರೆಗೆ ಜೈಲು ಆಗಬಹುದು. 2020ರಲ್ಲಿ ಇಂಥ ಹರಾಜಿನ ಸುದ್ದಿ ಬಂದಾಗ ರಾಜ್ಯ ಚುನಾವಣಾ ಆಯೋಗ ಕ್ರಮಕ್ಕೆ ಸೂಚಿಸಿತ್ತು. ಕಟ್ಟೆಯ ಮೇಲೆ ನಾಲ್ಕು ಜನ ಸೇರಿ ಮುಗಿಸಿದರೆ ನಿಮ್ಮೂರಿನ ಹೆಂಗಸರು, ಕೂಲಿಯವರು ಐದು ವರ್ಷ ಮಾತೇ ಆಡದಂತಾಗುತ್ತದೆ. ನನಗೆ ಸಂಕಟವಾಗೋದು ಅದಕ್ಕೆ. ತಹಶೀಲ್ದಾರರಿಗೆ ಲಿಖಿತ ದೂರು ಕೊಡಿ. 21 ವರ್ಷ ತುಂಬಿದ, ಪಟ್ಟಿಯಲ್ಲಿ ಹೆಸರಿರುವ ಒಬ್ಬರು ಧೈರ್ಯ ಮಾಡಿ ನಾಮಪತ್ರ ಹಾಕಿ ಕೊನೆಯವರೆಗೂ ಕಣದಲ್ಲಿ ಉಳಿದರೆ ಮತದಾನ ನಡೆಯಲೇಬೇಕು.