ಕೈಕೆಲಸ ಪ್ರಶ್ನೋತ್ತರ: ಫ್ರೆಂಡ್‌ಶಿಪ್ ಬ್ಯಾಂಡಿಗೆ ಯಾವ ಗಂಟು?

ಪ್ರಶ್ನೆ: ಮಗಳು ಎಂಟು ಎಳೆಯ ಓರೆಪಟ್ಟೆ ಬ್ಯಾಂಡ್ ಹೆಣೆಯುತ್ತಾಳೆ. ನಾಲ್ಕು ಬೆರಳುದ್ದ ಆಗುವಷ್ಟರಲ್ಲಿ ಸ್ಪ್ರಿಂಗಿನಂತೆ ತಿರುಚಿಕೊಳ್ಳುತ್ತದೆ. ಕೆಂಪು ಸಾಲಿನ ನಡುವೆ ಹಳದಿ ಚುಕ್ಕೆಗಳೂ ಇಣುಕುತ್ತವೆ. ವಿ ಆಕಾರದ ಡಿಸೈನಿಗೆ ಹೋದರೆ ಎರಡೂ ಸರಿಹೋಗುತ್ತವೆಯೇ?
– ಚಿಕ್ಕಬಳ್ಳಾಪುರ

ಉತ್ತರ: ತಿರುಚು ಹೋಗುತ್ತದೆ, ಚುಕ್ಕೆ ಹೋಗುವುದಿಲ್ಲ. ಎರಡಕ್ಕೂ ಕಾರಣ ಬೇರೆ.

ಮೊದಲು ಚುಕ್ಕೆ. ಕೆಂಪು ಎಳೆಯನ್ನು ಹಳದಿಯ ಮೇಲೆ 4ರ ಆಕಾರದಲ್ಲಿ ಹಾಯಿಸಿ, ಹಳದಿಯ ಕೆಳಗಿಂದ ತಂದು ಕುಣಿಕೆಯೊಳಗೆ ತೂರಿಸಿ ಮೇಲಕ್ಕೆ ಎಳೆಯಬೇಕು. ಇದನ್ನೇ ಇನ್ನೊಮ್ಮೆ ಮಾಡಿದರೆ ಒಂದು ಗಂಟು. ಒಂದೇ ಸಲಕ್ಕೆ ಬಿಟ್ಟರೆ ಗಂಟು ಜಾಗದಲ್ಲಿ ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯ, ಬಿಗಿಯುವಾಗ ಹಳದಿ ನೆಟ್ಟಗೆ, ಬಿರುಸಾಗಿ ಇರಬೇಕು. ಹಳದಿ ಸಡಿಲವಾಗಿ ಕೆಂಪು ನೆಟ್ಟಗಾಯಿತೋ, ಗಂಟು ಮಗುಚಿ ಹಳದಿಯೇ ಕೆಂಪನ್ನು ಸುತ್ತಿಕೊಳ್ಳುತ್ತದೆ. ನಿಮಗೆ ಕಾಣುತ್ತಿರುವ ಚುಕ್ಕೆ ಅದೇ.

ಇನ್ನು ತಿರುಚು. ಓರೆಪಟ್ಟೆಯಲ್ಲಿ ಸಾಲಿಗೆ ಏಳು ಗಂಟು, ಏಳೂ ಎಡದಿಂದ ಬಲಕ್ಕೆ. ಎಳೆತವೆಲ್ಲ ಒಂದೇ ಕಡೆಗೆ ಬಿದ್ದ ಮೇಲೆ ಪಟ್ಟಿ ತಿರುಗದೆ ಏನು ಮಾಡೀತು? ವಿ ಡಿಸೈನಿನಲ್ಲಿ ಎಡತುದಿಯ ಎಳೆ ಮೂರು ಗಂಟು ಹಾಕಿ ನಡುವಿಗೆ ಬರುತ್ತದೆ. ಬಲತುದಿಯದು ತಿರುಗುಮುರುಗಾದ 4ರ ಗಂಟಿನಿಂದ ಅಷ್ಟೇ ದೂರ ಬರುತ್ತದೆ. ಒಂದರ ಎಳೆತವನ್ನು ಇನ್ನೊಂದು ಸರಿದೂಗಿಸುವುದರಿಂದ ಪಟ್ಟಿ ಸಪಾಟಾಗಿ ಕೂರುತ್ತದೆ. ನಡುವಿಗೆ ಬಂದ ಆ ಎರಡು ಎಳೆಗಳನ್ನು ಒಂದಕ್ಕೊಂದು ಗಂಟು ಹಾಕಲು ಮರೆತರೆ ಮಾತ್ರ ನಡುವೆ ಸೀಳು ಬಿಡುತ್ತದೆ. ಹೊಸಬರು ಕೆಡಿಸುವುದು ಬಹುಪಾಲು ಇಲ್ಲೇ.

ಆಗಲೇ ತಿರುಚಿರುವ ಬ್ಯಾಂಡನ್ನು ಬಿಚ್ಚಬೇಡಿ. ಒದ್ದೆ ಮಾಡಿ, ದಪ್ಪ ಟವೆಲ್ ಮೇಲೆ ನೇರವಾಗಿ ಎಳೆದು ಪಿನ್ ಚುಚ್ಚಿ ಒಣಗಿಸಿ. ಮುಂದಿನದಕ್ಕೆ ಕೈ ಸ್ವಲ್ಪ ಹಗುರವಿರಲಿ.

ಪ್ರಶ್ನೆ: ಒಂದು ಬ್ಯಾಂಡಿಗೆ ದಾರ ಎಷ್ಟು ಬೇಕು?
– ಕೋಲಾರ

ಉತ್ತರ: ಮ್ಯಾಚಿಂಗ್ ಸೆಂಟರಿನಲ್ಲಿ ಸಿಗುವ ಆರು ಎಳೆಯ ಕಾಟನ್ ಎಂಬ್ರಾಯ್ಡರಿ ದಾರದ ಲಡಿ ಸಾಮಾನ್ಯವಾಗಿ 8 ಮೀಟರ್. ಆರು ಎಳೆಯನ್ನು ಬಿಡಿಸದೆ ಒಂದೇ ದಾರವಾಗಿ ಬಳಸಿ. ವಿ ಡಿಸೈನಿಗೆ ನಾಲ್ಕು ಬಣ್ಣ, ಪ್ರತಿಯೊಂದೂ 160 ಸೆಂ.ಮೀ. ಕತ್ತರಿಸಿ ನಡುವೆ ಮಡಿಸಿದರೆ ಎಂಟು ಎಳೆ, ಮೇಲೆ ಕುಣಿಕೆಯೂ ಸಿದ್ಧ. ಲೆಕ್ಕ ಹಾಕಿ, ನಾಲ್ಕು ಲಡಿಗೆ ಐದು ಬ್ಯಾಂಡ್. ಅಕ್ಷರ ಬರುವ ಡಿಸೈನಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಹಿನ್ನೆಲೆಯ ಎಳೆಯೊಂದೇ ಹೆಚ್ಚಿನ ಗಂಟು ಹಾಕುತ್ತದೆ, ಅದನ್ನು ಲಡಿಯಿಂದ ಕತ್ತರಿಸದೆಯೇ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಅದರಲ್ಲೇ ಹೆಣೆಯಬಹುದೇ?
– ಶಿಡ್ಲಘಟ್ಟ

ಉತ್ತರ: ಕಚ್ಚಾ ನೂಲಿನಲ್ಲಿ ಅಂಟು ಇರುವುದರಿಂದ ಗಡುಸು, ಗಂಟು ಮೊನೆ ಮೊನೆಯಾಗಿ ನಿಲ್ಲುತ್ತದೆ. ಅಂಟು ತೆಗೆದರೆ ಮೆತ್ತಗಾಗುತ್ತದೆ, ಆದರೆ ಜಾರುತ್ತದೆ. ಒಂಟಿ ನೂಲಂತೂ ತೀರಾ ಸಣ್ಣ, ಹಲವನ್ನು ಸೇರಿಸಿ ಹುರಿ ಮಾಡಲೇಬೇಕು. ಇಷ್ಟೆಲ್ಲ ಮಾಡಿ ವಿ ಡಿಸೈನ್ ಹಾಕುವುದು ನೂಲಿಗೂ ಕಣ್ಣಿಗೂ ದಂಡ. ಹುರಿ ಮಾಡಿದ ರೇಷ್ಮೆಯನ್ನು ಜಡೆ ಹೆಣೆಯಿರಿ, ಇಲ್ಲವೇ ಕಾಟನ್ ಬ್ಯಾಂಡಿನ ತುದಿಗೆ ಸೀರೆ ಕುಚ್ಚಿನಂತೆ ಕಟ್ಟಿ. ತುದಿಗೆ ಲೈಟರ್ ಮಾತ್ರ ಹಿಡಿಯಬೇಡಿ. ನೈಲಾನಿನಂತೆ ರೇಷ್ಮೆ ಕರಗಿ ಅಂಟುವುದಿಲ್ಲ, ಸುಟ್ಟು ಕರಿಯಾಗುತ್ತದೆ.

ಪ್ರಶ್ನೆ: ಆಗಸ್ಟ್ ಮೊದಲ ಭಾನುವಾರಕ್ಕೆ ಮುಂಚೆ ಶಾಲೆಯ ಮಕ್ಕಳಿಗೆ ಒಂದೇ ಪಿರಿಯಡ್‌ನಲ್ಲಿ ಕಲಿಸಬೇಕು. ಸುಲಭದ್ದು ಯಾವುದು?
– ತಿಪಟೂರು

ಉತ್ತರ: ಸುರುಳಿ ಬ್ಯಾಂಡ್. ಎಲ್ಲ ಎಳೆಗಳನ್ನೂ ಒಟ್ಟಿಗೆ ಹಿಡಿದು, ಒಂದೇ ಎಳೆಯಿಂದ ಅವುಗಳ ಸುತ್ತ ಅದೇ 4ರ ಕುಣಿಕೆ ಹಾಕುತ್ತಾ ಹೋಗುವುದು. ಚಿಕ್ಕಬಳ್ಳಾಪುರದವರಿಗೆ ತೊಂದರೆ ಕೊಟ್ಟ ತಿರುಚೇ ಇಲ್ಲಿ ಡಿಸೈನು, ಮೆಟ್ಟಿಲಿನಂತೆ ಏರುತ್ತದೆ. ಬೇಕಾದಾಗ ಬಣ್ಣ ಬದಲಿಸಬಹುದು. ಆದರೆ ಗಂಟು ಹಾಕುವ ದಿಕ್ಕನ್ನು ನಡುವೆ ಬದಲಿಸಿದರೆ ಮೆಟ್ಟಿಲು ಅಲ್ಲೇ ಹಿಂದಕ್ಕೆ ತಿರುಗುತ್ತದೆ. ಎಡಗೈ ಮಕ್ಕಳು ಬಲದಿಂದ ಶುರುಮಾಡಲಿ, ಅವರ ಕೈಯನ್ನು ತಿದ್ದಲು ಹೋಗಬೇಡಿ. ದಾರವನ್ನು ಬೆಂಚಿಗೆ ಸೆಲ್ಲೋಟೇಪಿನಲ್ಲಿ ಅಂಟಿಸಿಕೊಟ್ಟರೆ ಎಳೆದಾಗ ಕಿತ್ತುಬರುತ್ತದೆ. ರಟ್ಟಿನ ಪ್ಯಾಡಿನ ಕ್ಲಿಪ್ಪಿಗೆ ಸಿಕ್ಕಿಸಿ.