30 ಜನರನ್ನು ಕೇಳಿದರೆ ಡೇಟಾ ನಾರ್ಮಲ್ ಆಗುತ್ತದಾ?

ನೀವು ಕೇಳಿದ್ದು ಎರಡು ಪ್ರಶ್ನೆ. ಬಿ.ಕಾಂ. ಪ್ರಾಜೆಕ್ಟ್‌ಗೆ ಊರಿನ ರೈತರ ಹತ್ತಿರ ಎಷ್ಟೆಷ್ಟು ಜಮೀನಿದೆ ಅಂತ ಸರ್ವೆ ಮಾಡಬೇಕು, 30 ಜನ ಸಾಕಾ? 30 ದಾಟಿದರೆ ಡೇಟಾ ನಾರ್ಮಲ್ ಆಗುತ್ತದೆ ಅಂತಾರಲ್ಲ, ನಿಜವಾ?

ನಾರ್ಮಲ್ ಅಂದರೆ ಡೇಟಾದ ಗ್ರಾಫ್ ಗಂಟೆಯ ಆಕಾರದಲ್ಲಿರುವುದು: ನಡುವೆ ಗುಡ್ಡೆ, ಎರಡೂ ಕಡೆ ಒಂದೇ ಥರ ಇಳಿಜಾರು. ಎರಡನೆಯದಕ್ಕೆ ಮೊದಲು ಉತ್ತರ: ಆಗುವುದಿಲ್ಲ. 3,000 ಜನರನ್ನು ಕೇಳಿದರೂ ಆಗುವುದಿಲ್ಲ. ನಾನು ಬಾಗಲಕೋಟೆಯಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಮಕ್ಕಳು ಜಾಸ್ತಿ ಎಡವುವುದು ಇಲ್ಲಿಯೇ. ಅವರನ್ನು ಬೈದು ಪ್ರಯೋಜನವಿಲ್ಲ, ಗೈಡ್‌ಗಳಲ್ಲಿ ಇದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರುತ್ತಾರೆ.

ನಿಮ್ಮ ಜಮೀನಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಉದಾಹರಣೆಗೆ ಅಂತ ನಾನೇ ಕಟ್ಟಿದ ಒಂಬತ್ತು ಮನೆಗಳು, ಎಕರೆ ಲೆಕ್ಕದಲ್ಲಿ: 1, 2, 2, 3, 3, 4, 5, 6, 46. ಕೊನೆಯದು ಗೌಡರ ಮನೆ ಅಂದುಕೊಳ್ಳಿ. ಒಟ್ಟು 72, ಸರಾಸರಿ 8 ಎಕರೆ. ಆದರೆ 8 ಎಕರೆಯ ಹತ್ತಿರ ಯಾರಿದ್ದಾರೆ? ಎಂಟು ಮನೆಗಳು ಸರಾಸರಿಗಿಂತ ಕೆಳಗೇ ಇವೆ. ಸಾಲಾಗಿ ಜೋಡಿಸಿ ನಟ್ಟನಡುವೆ ನಿಂತ ಮನೆ ನೋಡಿದರೆ 3 ಎಕರೆ. ಅದು ಮೀಡಿಯನ್. ಊರಿನ ಸಾಮಾನ್ಯ ರೈತ ಹೇಗಿದ್ದಾನೆ ಅಂತ ಹೇಳುವುದು ಅದೇ. ಇಂಥ ಡೇಟಾದ ಗ್ರಾಫ್ ಎಡಗಡೆ ಗುಡ್ಡೆ ಹಾಕಿಕೊಂಡು ಬಲಗಡೆಗೆ ಉದ್ದ ಬಾಲ ಬಿಟ್ಟಿರುತ್ತದೆ. ಹೆಚ್ಚು ಜನರನ್ನು ಕೇಳಿದಷ್ಟೂ ಆ ಬಾಲ ಇನ್ನೂ ಚೆನ್ನಾಗಿ ಕಾಣುತ್ತದೆಯೇ ಹೊರತು ಉದುರಿ ಹೋಗುವುದಿಲ್ಲ.

ಹಾಗಾದರೆ ನಾರ್ಮಲ್‌ಗೆ ಹತ್ತಿರ ಬರುವುದು ಯಾವುದು? ಸರಾಸರಿಗಳು. ಇಡೀ ತಾಲೂಕಿನ ರೈತರಲ್ಲಿ ನೀವು ಚೀಟಿ ಎತ್ತಿ 36 ಜನರನ್ನು ಆರಿಸಿ ಸರಾಸರಿ ತೆಗೆದಿರಿ. ನಿಮ್ಮ ಗೆಳೆಯರು ತಾವೂ ಚೀಟಿ ಎತ್ತಿ ಬೇರೆ 36 ಜನರ ಸರಾಸರಿ ತೆಗೆದರು. ಹೀಗೆ ನೂರಾರು ಸಲ ಮಾಡಿದರೆ ನೂರಾರು ಸರಾಸರಿ ಸಿಗುತ್ತವೆ, ಅಲ್ವಾ? ಆ ಸರಾಸರಿಗಳ ಗ್ರಾಫ್ ಬರೆಯಿರಿ, ಅದು ನಾರ್ಮಲ್ ಕಡೆಗೆ ವಾಲುತ್ತದೆ. ಜಮೀನಿನ ಸ್ಟ್ಯಾಂಡರ್ಡ್ ಡೀವಿಯೇಷನ್ (ಒಬ್ಬೊಬ್ಬರ ಜಮೀನು ಸರಾಸರಿಯಿಂದ ಎಷ್ಟು ದೂರ ಚದುರಿದೆ ಅನ್ನುವ ಅಳತೆ) 12 ಎಕರೆ ಇದ್ದರೆ, ಅದನ್ನು 36ರ ವರ್ಗಮೂಲದಿಂದ ಭಾಗಿಸಿ: 2 ಎಕರೆ. ಇದು ಸ್ಟ್ಯಾಂಡರ್ಡ್ ಎರರ್, ಅಂದರೆ ಸರಾಸರಿಯ ಹೊಯ್ದಾಟ. ಅದನ್ನು 1 ಎಕರೆಗೆ ಇಳಿಸಲು 72 ಜನ ಸಾಲುವುದಿಲ್ಲ, 144 ಬೇಕು. 30 ಅನ್ನುವುದು ಕೈ ಅಂದಾಜು ಅಷ್ಟೇ. ಬಾಲ ತುಂಬಾ ಉದ್ದವಿದ್ದರೆ 30 ಜನರ ಸರಾಸರಿಗಳೂ ನಾರ್ಮಲ್‌ಗೆ ಹತ್ತಿರ ಬರುವುದಿಲ್ಲ.

ಎಷ್ಟು ಜನ ಅನ್ನುವುದಕ್ಕಿಂತ ಯಾರನ್ನು ಹೇಗೆ ಆರಿಸಿದಿರಿ ಅನ್ನುವುದೇ ನನಗೆ ದೊಡ್ಡದು. ಬೆಳೆ ವಿಮೆ ನೋಡಿ. ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ಗೊತ್ತುಮಾಡಲು ಎಲ್ಲರ ಹೊಲವನ್ನೂ ಅಳೆಯುವುದಿಲ್ಲ. ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ, ಅಂದರೆ ಹೊಲದಲ್ಲಿ ಒಂದು ಚೌಕ ಗುರುತಿಸಿ ಅಷ್ಟನ್ನೇ ಕೊಯ್ದು ತೂಗುತ್ತಾರೆ. ಮುಖ್ಯ ಬೆಳೆಗೆ ಪಂಚಾಯಿತಿಗೆ ಕನಿಷ್ಠ 4. ಯಾವ ಸರ್ವೆ ನಂಬರ್ ಅನ್ನುವುದು ರ‍್ಯಾಂಡಮ್ ಆಗಿ ಬರುತ್ತದೆ. ಹೊಲದೊಳಗೆ ಚೌಕ ಎಲ್ಲಿ ಬೀಳಬೇಕು ಅನ್ನುವುದೂ ಹಾಗೆಯೇ. ಹಲವು ಬೆಳೆಗಳಿಗೆ ಈ ಚೌಕ 5 ಮೀಟರ್ ಉದ್ದ, 5 ಮೀಟರ್ ಅಗಲ. ಬಂದವರ ಕೈಗೇ ಬಿಟ್ಟರೆ ಏನಾಗುತ್ತದೆ? ಅವರು ರಸ್ತೆ ಪಕ್ಕದ ಹೊಲಕ್ಕೇ ಇಳಿಯುತ್ತಾರೆ. ರೈತ ‘ಸಾಹೇಬ್ರ, ಇಲ್ಲಿ ಬ್ಯಾಡ್ರಿ, ಆ ಕಡೆ ಹಾಕ್ರಿ’ ಅಂತ ಒಣಗಿದ ಮೂಲೆ ತೋರಿಸುತ್ತಾನೆ. ಇಬ್ಬರದ್ದೂ ಸಹಜವೇ. ಆದರೆ ಹೀಗೆ ಆರಿಸಿದ ನಾಲ್ಕು ಚೌಕವನ್ನು ನಾನೂರು ಮಾಡಿದರೂ ತಪ್ಪು ತಪ್ಪಾಗಿಯೇ ಉಳಿಯುತ್ತದೆ.

ವಿಮೆಯಲ್ಲಿ ನೀರಾವರಿ ಜೋಳ, ಮಳೆಯಾಶ್ರಿತ ಜೋಳ ಅಂತ ಬೇರೆ ಮಾಡುವುದಕ್ಕೂ ಕಾರಣವಿದೆ. ಕಾಲುವೆ ನೀರಿನ ಹೊಲ, ಮಳೆ ನಂಬಿದ ಎರಿ ಹೊಲ ಎರಡನ್ನೂ ಒಂದೇ ಗ್ರಾಫಿಗೆ ಹಾಕಿದರೆ ಎರಡು ದಿಬ್ಬ ಏಳಬಹುದು. ಸರಾಸರಿ ಎರಡರ ನಡುವಿನ ತಗ್ಗಿನಲ್ಲಿ ಬೀಳುತ್ತದೆ, ಅಲ್ಲಿ ಹೊಲಗಳು ಇರುವುದೇ ಅಪರೂಪ. ನಿಮ್ಮ ಊರಲ್ಲೂ ಎರಡೂ ಥರದ ಜಮೀನು ಇದ್ದರೆ ಬೇರೆ ಬೇರೆ ಪಟ್ಟಿ ಮಾಡಿ, ಎರಡರಿಂದಲೂ ಆರಿಸಿ.

ಇನ್ನು ಮೊದಲನೆಯ ಪ್ರಶ್ನೆ. ಒಂದು ಊರಿನ ಪ್ರಾಜೆಕ್ಟ್‌ಗೆ ನಾನಾದರೆ 60ರ ಸುತ್ತ ಇಟ್ಟುಕೊಳ್ಳುತ್ತೇನೆ, ಸರಾಸರಿ ಜೊತೆ ಮೀಡಿಯನ್ನೂ ಬರೆಯುತ್ತೇನೆ. ಗುಡಿ ಕಟ್ಟೆಯ ಮೇಲೆ ಸಿಕ್ಕವರನ್ನು ಸುಮ್ನೆ ಕೇಳಿ ಫಾರ್ಮ್ ತುಂಬಬೇಡಿ. ಮನೆಗಳ ಪಟ್ಟಿ ಮಾಡಿ, ನಂಬರ್ ಕೊಟ್ಟು, ಚೀಟಿ ಎತ್ತಿ. ಬೀಗ ಹಾಕಿದ ಮನೆ ಬಂದರೆ ಪಕ್ಕದ ಮನೆಗೆ ನುಗ್ಗಬೇಡಿ, ಸಂಜೆ ಮತ್ತೆ ಹೋಗಿ. ಹಗಲು ಬೀಗ ಹಾಕಿ ಕೂಲಿಗೆ ಹೋಗುವವರು ಹೆಚ್ಚಾಗಿ ಜಮೀನು ಕಡಿಮೆ ಇರುವವರೇ. ಅವರನ್ನು ಬಿಟ್ಟರೆ ನಿಮ್ಮ ಸರಾಸರಿ ತಾನಾಗಿಯೇ ಮೇಲೇರುತ್ತದೆ. ಗುಳೆ ಹೋದ ಮನೆಗಳಿದ್ದರೆ ಎಷ್ಟು ಅಂತ ವರದಿಯಲ್ಲಿ ಬರೆಯಿರಿ.